ವಿಜ್ಞಾನಕ್ಕೆ ಗಡಿಯಿಲ್ಲ, ವಿಜ್ಞಾನಿಗೆ ವೀಸಾ ಬೇಕು

2006ರ ಫೆಬ್ರುವರಿಯಲ್ಲಿ ಗೋವರ್ಧನ ಮೆಹ್ತಾ ಚೆನ್ನೈನ ಅಮೆರಿಕ ಕಾನ್ಸುಲೇಟಿಗೆ ವೀಸಾ ಸಂದರ್ಶನಕ್ಕೆ ಹೋದರು. ಫ್ಲೋರಿಡಾ ವಿಶ್ವವಿದ್ಯಾಲಯ ಅವರನ್ನು ಆಹ್ವಾನಿಸಿತ್ತು. ಅಮೆರಿಕ ಅವರಿಗೇನೂ ಹೊಸ ಜಾಗವಲ್ಲ. ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಹಿಂದಿನ ವರ್ಷವಷ್ಟೇ ಅವಧಿ ಮುಗಿಸಿದ್ದ, ಹೆಸರಾಂತ ಸಾವಯವ ರಸಾಯನವಿಜ್ಞಾನಿ. ಆದರೂ ವೀಸಾ ಸಿಗಲಿಲ್ಲ. ಅವರ ರಸಾಯನವಿಜ್ಞಾನ ರಾಸಾಯನಿಕ ಅಸ್ತ್ರಕ್ಕೆ ಬಳಕೆಯಾದೀತೇ ಎಂಬ ಅನುಮಾನ ಅಧಿಕಾರಿಗಳಿಗೆ ಬಂದಿತ್ತು. ಸಂಶೋಧನೆಯ ವಿವರಗಳನ್ನೆಲ್ಲ ಇನ್ನಷ್ಟು ಬರೆದುಕೊಡಿ ಎಂದರು. ಮೆಹ್ತಾ ನೊಂದರು, ಪ್ರವಾಸವನ್ನೇ ಕೈಬಿಟ್ಟರು.

ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅಧ್ಯಕ್ಷ ಜಾರ್ಜ್ ಬುಷ್ ಭಾರತಕ್ಕೆ ಬರಲು ಕೆಲವೇ ದಿನ ಉಳಿದಿದ್ದವು. ಅಮೆರಿಕದ ರಾಯಭಾರ ಕಚೇರಿ ವಿಷಾದ ಸೂಚಿಸಿತು, ವೀಸಾ ಕೊಡಲೂ ಮುಂದಾಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಮೆಹ್ತಾ ಆಗ ಪ್ಯಾರಿಸ್ ಮೂಲದ ಅಂತರರಾಷ್ಟ್ರೀಯ ವಿಜ್ಞಾನ ಪರಿಷತ್ತಿನ ಅಧ್ಯಕ್ಷರಾಗಿದ್ದರು. ದೇಶ, ಜನಾಂಗ, ರಾಜಕೀಯ ನಿಲುವು ನೋಡಿ ಯಾವ ವಿಜ್ಞಾನಿಯನ್ನೂ ವಿಜ್ಞಾನದ ಸಭೆಗಳಿಂದ ಹೊರಗಿಡಬಾರದು ಎನ್ನುವುದು ಆ ಪರಿಷತ್ತಿನ ನಿಯಮಾವಳಿಯಲ್ಲೇ ಇದ್ದ ತತ್ವ. ಆ ತತ್ವವನ್ನು ಕಾಯಬೇಕಾದವರೇ ಬಾಗಿಲಲ್ಲಿ ನಿಲ್ಲಬೇಕಾಯಿತು.

ಮೆಹ್ತಾ ಅವರಿಗಾದದ್ದು ಅವಮಾನವೇ. ಆದರೂ ಒಂದು ಮಾತು ಹೇಳಲೇಬೇಕು: ಅವರ ಪರವಾಗಿ ಒಂದು ದೇಶವೇ ದನಿಯೆತ್ತಿತು, ಕೆಲವೇ ದಿನಗಳಲ್ಲಿ ವಿಷಾದದ ಮಾತೂ ಬಂತು. ಅದೇ ಸಾಲಿನಲ್ಲಿ ನಿಂತು, ಅದೇ ಉತ್ತರ ಪಡೆದು, ಬಸ್ಸು ಹತ್ತಿ ಊರಿಗೆ ಮರಳುವ ಇಪ್ಪತ್ತೈದು ವರ್ಷದ ಪಿಎಚ್‌.ಡಿ. ವಿದ್ಯಾರ್ಥಿಗೆ ಯಾರೂ ವಿಷಾದ ಸೂಚಿಸುವುದಿಲ್ಲ. ಸರ್ಕಾರಗಳು ಹಾಕುವ ಪ್ರಯಾಣ ನಿರ್ಬಂಧಗಳಿಂದ ವಿಜ್ಞಾನಕ್ಕೆ ಆಗುವ ನಷ್ಟದ ಬಹುಪಾಲು ಹೀಗೆ ಯಾರ ಲೆಕ್ಕಕ್ಕೂ ಸಿಗದ ನಷ್ಟ.

ನೊಬೆಲ್ ಬಂದವರಿಗೂ ಬಿಡಲಿಲ್ಲ

ಇದು ಹೊಸ ರೋಗವಲ್ಲ. ಸೋವಿಯತ್ ಭೌತವಿಜ್ಞಾನಿ ಪ್ಯೋತರ್ ಕಪಿಟ್ಸಾ ಕೇಂಬ್ರಿಜ್‌ನಲ್ಲಿ ಹೆಸರಾಂತ ಭೌತವಿಜ್ಞಾನಿ ರುದರ್‌ಫರ್ಡ್ ಅವರ ಅಚ್ಚುಮೆಚ್ಚಿನ ಸಹೋದ್ಯೋಗಿ. ಅವರಿಗಾಗಿಯೇ ಅಲ್ಲಿ ಮಾಂಡ್ ಪ್ರಯೋಗಾಲಯ ಕಟ್ಟಲಾಗಿತ್ತು. 1934ರಲ್ಲಿ ಎಂದಿನಂತೆ ತಾಯ್ನಾಡು ನೋಡಲು ಸೋವಿಯತ್ ಒಕ್ಕೂಟಕ್ಕೆ ಹೋದವರನ್ನು ಸ್ಟಾಲಿನ್ ಸರ್ಕಾರ ಮರಳಲು ಬಿಡಲಿಲ್ಲ. ಕೊನೆಗೆ ರುದರ್‌ಫರ್ಡ್ ಅವರೇ ಮುಂದೆ ನಿಂತು ಕಪಿಟ್ಸಾ ಬಳಸುತ್ತಿದ್ದ ಉಪಕರಣಗಳನ್ನು 30,000 ಪೌಂಡಿಗೆ ಮಾಸ್ಕೋಗೆ ಮಾರುವ ಏರ್ಪಾಡು ಮಾಡಿದರು. ಮನುಷ್ಯ ಬರಲಾಗದಿದ್ದರೆ ಯಂತ್ರವಾದರೂ ಅವನ ಬಳಿ ಹೋಗಲಿ ಎಂದು. ಅದೇ ಮಾಸ್ಕೋದಲ್ಲಿ ಕಪಿಟ್ಸಾ ಹೀಲಿಯಂನ ಅತಿದ್ರವತೆಯನ್ನು ಕಂಡುಹಿಡಿದರು. 1978ರಲ್ಲಿ ನೊಬೆಲ್ ಬಂತು. ಆದರೆ 1934ರ ನಂತರ ಮತ್ತೆ ಹೊರದೇಶದ ನೆಲ ಮೆಟ್ಟಲು ಅವರು ಮೂರು ದಶಕ ಕಾಯಬೇಕಾಗಿತ್ತು.

ಇದನ್ನು ಕಮ್ಯುನಿಸ್ಟ್ ಆಡಳಿತದ ಚಾಳಿ ಎನ್ನೋಣವೆಂದರೆ ಸ್ವಾತಂತ್ರ್ಯದ ತವರು ಎನಿಸಿಕೊಂಡ ಅಮೆರಿಕವೂ ಹಿಂದೆ ಬೀಳಲಿಲ್ಲ. 1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರೋಟೀನುಗಳ ರಚನೆ ಕುರಿತು ಸಭೆಯಿತ್ತು. ಅದಕ್ಕೆ ಹೊರಟಿದ್ದ ಲೈನಸ್ ಪಾಲಿಂಗ್ ಅವರಿಗೆ ಅವರದೇ ಸರ್ಕಾರ ಪಾಸ್‌ಪೋರ್ಟ್ ಕೊಡಲಿಲ್ಲ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಪಾಲಿಂಗ್ ಏರ್ಪಡಿಸಿದ್ದ ಸಭೆಗೆ ಬರಬೇಕಿದ್ದ ಬ್ರಿಟನ್ನಿನ ಡೊರೊಥಿ ಹಾಜ್‌ಕಿನ್ ಅವರಿಗೆ ವೀಸಾ ನಿರಾಕರಣೆಯಾಯಿತು. ಶಾಂತಿ ಚಳವಳಿಯ ನಂಟು, ಪತಿಯ ಎಡಪಂಥೀಯ ಹಿನ್ನೆಲೆ ಅವರ ‘ಅಪರಾಧ’. ಪಾಲಿಂಗ್ 1954ರಲ್ಲಿ, ಹಾಜ್‌ಕಿನ್ 1964ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದರು. ನೊಬೆಲ್ ಬಂದ ಮೇಲೂ ಹಾಜ್‌ಕಿನ್ ಅಮೆರಿಕಕ್ಕೆ ಹೋಗಲು ಪ್ರತಿ ಸಲ ವಿಶೇಷ ವಿನಾಯಿತಿ ಬೇಕಾಗುತ್ತಿತ್ತು.

1954ರಲ್ಲಿ ಪಾಲ್ ಡಿರಾಕ್ ಸರದಿ. ಕ್ವಾಂಟಂ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ಅವರು ಪ್ರಿನ್ಸ್‌ಟನ್‌ಗೆ ಹೊರಟಿದ್ದರು. ಅಮೆರಿಕ ಬೇಡವೆಂದಿತು. ಡಿರಾಕ್ ಹಲವು ಬಾರಿ ರಷ್ಯಾಕ್ಕೆ ಹೋಗಿಬಂದಿದ್ದರು, ಕಪಿಟ್ಸಾ ಅವರ ಆಪ್ತ ಸ್ನೇಹಿತ. ಅಮೆರಿಕದ ಭೌತವಿಜ್ಞಾನಿಗಳು ಪತ್ರಿಕೆಗೆ ಬರೆದು ಪ್ರತಿಭಟಿಸಿದರು. ಡಿರಾಕ್ ಮಾತ್ರ ಮಾತಿಲ್ಲದೆ ದಾರಿ ಬದಲಿಸಿ ಹೋಮಿ ಭಾಭಾ ಅವರ ಆಹ್ವಾನದಂತೆ ಮುಂಬೈಗೆ ಬಂದರು. ಆ ಚಳಿಗಾಲದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಳೆಯರು ಸ್ವತಃ ಡಿರಾಕ್ ಬಾಯಿಂದ ಪಾಠ ಕೇಳಿದರು. ಪ್ರಿನ್ಸ್‌ಟನ್ನಿನ ನಷ್ಟ ಮುಂಬೈನ ಲಾಭವಾಯಿತು. ಬಾಗಿಲು ಹಾಕಿದವನ ಮನೆ ಬಿಟ್ಟು ತೆರೆದವನ ಮನೆಗೆ ಅತಿಥಿ ಹೋಗುತ್ತಾನೆ. ಈ ಸಂಗತಿಯನ್ನು ನಾವು ಇಂದು ಮರೆಯಬಾರದು.

ಮೂಗಿನ ಜಿಡ್ಡಿನ ವಿಜ್ಞಾನ

‘ಈಗ ಎಲ್ಲವೂ ಅಂತರಜಾಲದಲ್ಲಿದೆ. ಪ್ರಬಂಧ ಓದಬಹುದು, ಜೂಮ್‌ನಲ್ಲಿ ಮಾತಾಡಬಹುದು. ಹೋಗಲೇಬೇಕೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬ್ರಿಟನ್ನಿನ ಸಮಾಜವಿಜ್ಞಾನಿ ಹ್ಯಾರಿ ಕಾಲಿನ್ಸ್ ದಾಖಲಿಸಿದ ಪ್ರಸಂಗಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಗುರುತ್ವ ಅಲೆಗಳನ್ನು ಹಿಡಿಯುವ ಉಪಕರಣಕ್ಕೆ ಕಂಪನವನ್ನು ತೀರ ಕಡಿಮೆ ನುಂಗುವ ಕನ್ನಡಿಗಳು ಬೇಕು. ನೀಲಮಣಿಯ ಹರಳು ಅದಕ್ಕೆ ಒದಗೀತೇ ಎಂಬ ಹುಡುಕಾಟವಿತ್ತು. ದೇವಸ್ಥಾನದ ಗಂಟೆ ಬಾರಿಸಿದ ಮೇಲೆ ನಾದ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುವಂತೆ, ಹರಳನ್ನು ಕಂಪಿಸಿ ಅದು ಎಷ್ಟು ಹೊತ್ತು ಕಂಪಿಸುತ್ತದೆಂದು ಅಳೆಯಬೇಕು. ಮಾಸ್ಕೋ ವಿಶ್ವವಿದ್ಯಾಲಯದ ವ್ಲಾದಿಮಿರ್ ಬ್ರಗಿನ್‌ಸ್ಕಿ ಅವರ ತಂಡ ಬಹಳ ಹಿಂದೆಯೇ ಅಳೆದು ಪ್ರಕಟಿಸಿತ್ತು. ಅಂಕಿ ಎಷ್ಟು ದೊಡ್ಡದಿತ್ತೆಂದರೆ ಪಶ್ಚಿಮದ ಪ್ರಯೋಗಾಲಯಗಳು ಸುಮಾರು 20 ವರ್ಷ ಪ್ರಯತ್ನಿಸಿದರೂ ಅದರ ಹತ್ತಿರ ಸುಳಿಯಲಾಗಲಿಲ್ಲ. ರಷ್ಯನ್ನರ ಮಾತನ್ನು ನಂಬುವುದೋ ಬಿಡುವುದೋ ಎಂಬ ಗುಮಾನಿ ಉಳಿಯಿತು.

ಶೀತಲ ಸಮರ ಮುಗಿದ ಮೇಲೆ ಗ್ಲಾಸ್ಗೋ ತಂಡದ ವಿಜ್ಞಾನಿಯೊಬ್ಬರು ಮಾಸ್ಕೋಗೆ ಹೋಗಿ ಆ ಪ್ರಯೋಗಾಲಯದಲ್ಲೇ ಕೂತು ಕೆಲಸ ಮಾಡಿದರು. ರಷ್ಯನ್ನರೂ ಗ್ಲಾಸ್ಗೋಗೆ ಬಂದರು. ಹರಳನ್ನು ತೂಗಿಬಿಡುವ ದಾರ ಯಾವುದಿರಬೇಕು, ಎಷ್ಟು ಉದ್ದವಿರಬೇಕು, ಅದಕ್ಕೆ ಜಿಡ್ಡು ಎಷ್ಟು ಸವರಬೇಕು ಎನ್ನುವುದರಲ್ಲೇ ಗುಟ್ಟೆಲ್ಲ ಅಡಗಿತ್ತು. ರಷ್ಯದ ವಿಜ್ಞಾನಿ ರೇಷ್ಮೆ ದಾರವನ್ನು ತನ್ನ ಮೂಗಿನ ಮೇಲೆ ಎಳೆದು, ಚರ್ಮದ ಜಿಡ್ಡನ್ನೇ ಅದಕ್ಕೆ ಹಚ್ಚುತ್ತಿದ್ದರಂತೆ! ಇದು ಯಾವ ಪ್ರಬಂಧದಲ್ಲಿ ಅಚ್ಚಾದೀತು? 1999ರಲ್ಲಿ ಗ್ಲಾಸ್ಗೋದಲ್ಲೂ ಅಳತೆ ಕೈಗೂಡಿತು. ಎದುರಿಗೆ ಕೂತು, ಪ್ರಯೋಗ ಕೆಟ್ಟಾಗ ರಷ್ಯದ ವಿಜ್ಞಾನಿ ಅಂಕಿಯನ್ನು ಮುಚ್ಚಿಡದೆ ಮತ್ತೆ ಮೊದಲಿಂದ ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೆ ನಂಬಿಕೆಯೂ ಹುಟ್ಟಿತು. ಕೈಗುಣವೂ ನಂಬಿಕೆಯೂ ಇಮೇಲಿನಲ್ಲಿ ಬರುವುದಿಲ್ಲ.

ನಮ್ಮ ಬೆಂಗಳೂರಿಗೂ ಇದು ಗೊತ್ತು. ಅಮೆರಿಕ ಬೇಡವೆಂದ ಹಾಜ್‌ಕಿನ್ ಅವರ ಆಕ್ಸ್‌ಫರ್ಡ್ ಪ್ರಯೋಗಾಲಯಕ್ಕೆ 1968ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಹೋದರು. 1969ರಲ್ಲಿ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದ ತಂಡದಲ್ಲಿ ಅವರಿದ್ದರು. ಮರಳಿ ಬಂದು ದೇಶದಲ್ಲಿ ಪ್ರೋಟೀನ್ ಹರಳುಶಾಸ್ತ್ರವನ್ನು ಬೆಳೆಸಿದರು. ಅವರ ಕೈಕೆಳಗೆ ಕಲಿತವರು ಭಾರತದ ಎಷ್ಟೋ ಪ್ರಯೋಗಾಲಯಗಳಲ್ಲಿದ್ದಾರೆ. ವೀಸಾ ಕಡತವೊಂದು ಎಲ್ಲೋ ತಡವಾಗಿದ್ದರೆ ಈ ಸರಪಳಿಯ ಮೊದಲ ಕೊಂಡಿಯೇ ಇರುತ್ತಿರಲಿಲ್ಲ. ಇಲ್ಲದ್ದನ್ನು ಯಾರೂ ಎಣಿಸಲಾರರು.

ಪೋಖ್ರಾನ್ ನಂತರದ ದಿನಗಳು

1998ರ ಮೇ 11 ಮತ್ತು 13ರಂದು ಭಾರತ ಪೋಖ್ರಾನಿನಲ್ಲಿ ಅಣ್ವಸ್ತ್ರ ಪರೀಕ್ಷೆ ನಡೆಸಿತು. ಅಮೆರಿಕ ನಿರ್ಬಂಧ ಹೇರಿತು. ಹಗುರ ಯುದ್ಧ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಯೊಡನೆ ಅಲ್ಲೇ ಇದ್ದು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಎಂಜಿನಿಯರುಗಳು ಕೆಲಸ ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಉಪಕರಣಗಳು ಅಲ್ಲೇ ಉಳಿದವು. ಅದೇ ವರ್ಷ ಅಣುಶಕ್ತಿ ಆಯೋಗದ ಅಧ್ಯಕ್ಷ ಆರ್. ಚಿದಂಬರಂ ಅವರಿಗೆ ವೀಸಾ ನಿರಾಕರಿಸಲಾಯಿತು. ಅವರು ಅಮೆರಿಕಕ್ಕೆ ಹೊರಟಿದ್ದದ್ದು ಅಂತರರಾಷ್ಟ್ರೀಯ ಹರಳುಶಾಸ್ತ್ರ ಒಕ್ಕೂಟದ ಸಭೆಗೆ, ಅದರ ಪದಾಧಿಕಾರಿಯಾಗಿ.

ಬೆಂಗಳೂರಿನ ತಂಡ ಕೈಕಟ್ಟಿ ಕೂರಲಿಲ್ಲ. ಉಳಿದ ಕೆಲಸವನ್ನು ಇಲ್ಲೇ ಮುಗಿಸಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಆ ವಿಮಾನವನ್ನು ಬೆಂಗಳೂರಿನಿಂದ ಹಾರಿಸಿದರು. ‘ಕಂಡಿರಾ, ನಿರ್ಬಂಧ ಹಾಕಿದ್ದೇ ಒಳ್ಳೆಯದಾಯಿತು, ಸ್ವಾವಲಂಬಿಗಳಾದೆವು’ ಎನ್ನುವ ಮಾತು ಅಂದಿನಿಂದ ಗಾದೆಯಾಗಿಬಿಟ್ಟಿದೆ. ಅದರಲ್ಲಿ ಅರ್ಧ ಸತ್ಯವಿದೆ. ಇನ್ನರ್ಧಕ್ಕೆ ಇಸ್ರೊದ ಕ್ರಯೋಜೆನಿಕ್ ಎಂಜಿನ್ ನೋಡಬೇಕು. ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ 1993ರಲ್ಲಿ ತಂತ್ರಜ್ಞಾನ ಕೊಡುವುದಿಲ್ಲವೆಂದಿತು. ನಮ್ಮದೇ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಮೊದಲ ಬಾರಿ ಯಶಸ್ವಿಯಾದದ್ದು 2014ರ ಜನವರಿಯಲ್ಲಿ. ಎರಡು ದಶಕ! ಬೇರೆಯವರು ದಾಟಿದ ಹೊಳೆಯನ್ನು ಮತ್ತೆ ಮೊದಲಿಂದ ಈಜಿ ದಾಟಿದ್ದು ಸಾಹಸ, ಒಪ್ಪೋಣ. ಆದರೆ ಆ ಇಪ್ಪತ್ತು ವರ್ಷದಲ್ಲಿ ಅದೇ ಪ್ರತಿಭಾವಂತರು ಇನ್ನೇನು ಮಾಡಬಹುದಿತ್ತು ಎನ್ನುವ ಪ್ರಶ್ನೆ ಉಳಿದೇ ಇರುತ್ತದೆ. ಅಣ್ವಸ್ತ್ರ, ಕ್ಷಿಪಣಿಗಳಿಗೆ ಒದಗುವ ತಂತ್ರಜ್ಞಾನದಲ್ಲಿ ಗುಟ್ಟು ಇರುವುದು ಸಹಜವೆನ್ನಬಹುದು. ಹರಳುಶಾಸ್ತ್ರದ ಸಭೆಯಲ್ಲಿ ಯಾವ ಗುಟ್ಟು?

ಭಯ ಪೂರಾ ಸುಳ್ಳಲ್ಲ

ಸರ್ಕಾರಗಳ ಅನುಮಾನಕ್ಕೆ ಆಧಾರವೇ ಇಲ್ಲ ಎಂದರೆ ಅದು ಅಪ್ರಾಮಾಣಿಕ ವಾದ. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಪಾಕಿಸ್ತಾನದ ಎ.ಕ್ಯೂ. ಖಾನ್ ಯುರೇನಿಯಂ ಸಂವರ್ಧನೆಯ ಸೆಂಟ್ರಿಫ್ಯೂಜ್ ವಿನ್ಯಾಸಗಳೊಂದಿಗೆ ತಾಯ್ನಾಡಿಗೆ ಮರಳಿದರು. ಪಾಕಿಸ್ತಾನದ ಬಾಂಬು ಅದರಿಂದ ಬೆಳೆಯಿತು. ಲಾಸ್ ಅಲಮೋಸ್‌ನಿಂದ ಅಣುಬಾಂಬಿನ ರಹಸ್ಯವನ್ನು ಸೋವಿಯತ್ತಿಗೆ ದಾಟಿಸಿದ ಕ್ಲಾಸ್ ಫುಕ್ಸ್ ಕೂಡ ಭೌತವಿಜ್ಞಾನಿಯೇ.

ಆದರೆ ಈ ಉದಾಹರಣೆಗಳನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಫುಕ್ಸ್ ಬ್ರಿಟಿಷ್ ಪೌರತ್ವ ಪಡೆದು, ಬ್ರಿಟನ್ನಿನ ಅಧಿಕೃತ ತಂಡದ ಸದಸ್ಯನಾಗಿ, ಭದ್ರತಾ ತಪಾಸಣೆಯನ್ನೆಲ್ಲ ದಾಟಿಯೇ ಒಳಹೊಕ್ಕಿದ್ದ. ಖಾನ್ ಕದ್ದದ್ದು ಕಾರ್ಖಾನೆಯ ಗುಪ್ತ ನಕ್ಷೆಗಳನ್ನು, ಸಮ್ಮೇಳನದ ಪೋಸ್ಟರುಗಳನ್ನಲ್ಲ. ರಹಸ್ಯ ಇರುವ ಕೋಣೆಗೆ ಭದ್ರ ಬೀಗ ಬೇಕಿತ್ತು. ಅದರ ಬದಲು ಊರಿನ ಹೆಬ್ಬಾಗಿಲಲ್ಲೇ ಪಾಸ್‌ಪೋರ್ಟಿನ ಬಣ್ಣ ನೋಡಿ ತಡೆದರೆ ಕಳ್ಳ ಸಿಗುವುದಿಲ್ಲ, ವಿದ್ಯಾರ್ಥಿ ಸಿಗುತ್ತಾನೆ.

ಇದನ್ನು ಅಮೆರಿಕದ ವಿಜ್ಞಾನ ಅಕಾಡೆಮಿಗಳೇ ಹೇಳಿದ್ದವು. ಡೇಲ್ ಕಾರ್ಸನ್ ನೇತೃತ್ವದ ಸಮಿತಿ 1982ರಲ್ಲಿ ಕೊಟ್ಟ ವರದಿಯ ಸಾರ ಇಷ್ಟು: ಬೇಲಿ ಎತ್ತರವಿರಲಿ, ಆದರೆ ಬೇಲಿಯೊಳಗಿನ ಜಾಗ ಚಿಕ್ಕದಿರಲಿ. ಶೀತಲ ಸಮರದ ಕಟ್ಟಾಳು ರೊನಾಲ್ಡ್ ರೇಗನ್ ಅವರೇ 1985ರಲ್ಲಿ ಮೂಲಭೂತ ಸಂಶೋಧನೆಯ ಫಲಗಳನ್ನು ಆದಷ್ಟೂ ಮುಕ್ತವಾಗಿಡಬೇಕೆಂದು ಆದೇಶ ಹೊರಡಿಸಿದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಆ ವಿವೇಕ ಹಿಂದೆ ಸರಿಯಿತು. ಸೂಕ್ಷ್ಮ ತಂತ್ರಜ್ಞಾನದ ಪಟ್ಟಿಗೆ ಬರುವ ವಿಷಯ ಓದುವವರನ್ನು ‘ವೀಸಾಸ್ ಮ್ಯಾಂಟಿಸ್’ ಎಂಬ ತಪಾಸಣೆಗೆ ಒಳಪಡಿಸುವುದು ಬಹಳ ಹೆಚ್ಚಾಯಿತು. ಅದಕ್ಕೆ ಸರಾಸರಿ 67 ದಿನ ಹಿಡಿಯುತ್ತಿದೆ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ 2004ರಲ್ಲಿ ವರದಿ ಕೊಟ್ಟಿತು. ಸಮ್ಮೇಳನ ಇರುವುದು ನಾಲ್ಕು ದಿನ. ಅರವತ್ತೇಳು ದಿನದ ತಡವೆಂದರೆ ನಿರಾಕರಣೆಯೇ.

ಹೆಸರಿಲ್ಲದವರು

ಈ ತಡದ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ: ‘221ಜಿ’. ಅಮೆರಿಕದ ವಲಸೆ ಕಾನೂನಿನ ಆ ಕಲಮಿನ ಚೀಟಿ ಕೈಗೆ ಬಂತೆಂದರೆ ಒಪ್ಪಿಗೆಯೂ ಇಲ್ಲ, ಅಂತಿಮ ನಿರಾಕರಣೆಯೂ ಇಲ್ಲ. ಅರ್ಜಿಯ ಸ್ಥಿತಿಯನ್ನು ಜಾಲತಾಣದಲ್ಲಿ ದಿನವೂ ನೋಡುವುದಷ್ಟೇ ಕೆಲಸ. 2025ರ ಮೇ ಕೊನೆಯಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನದ ಸ್ಲಾಟುಗಳನ್ನೇ ಕೆಲವು ವಾರ ನಿಲ್ಲಿಸಿತು. ಆಮೇಲೆ ಸಾಮಾಜಿಕ ಜಾಲತಾಣದ ಖಾತೆಗಳನ್ನು ತೆರೆದಿಡಬೇಕೆಂಬ ಷರತ್ತಿನೊಂದಿಗೆ ಆರಂಭಿಸಿತು. ಅಲ್ಲಿ ಓದುತ್ತಿರುವ ಹಾಸನದ, ಶಿವಮೊಗ್ಗದ ಹುಡುಗರು ಅಕ್ಕನ ಮದುವೆಗೆ ಊರಿಗೆ ಬಂದರೆ ಮರಳಿ ಹೋಗಲಾದೀತೇ ಎಂದು ಲೆಕ್ಕ ಹಾಕುತ್ತಾರೆ. ಯುರೋಪಿನ ಸಮ್ಮೇಳನಕ್ಕೆ ಪ್ರಬಂಧ ಆಯ್ಕೆಯಾದರೂ ಅದೇ ಲೆಕ್ಕ.

ಇರಾನಿನವರ ಪಾಡು ಇನ್ನೂ ಕಷ್ಟದ್ದು. ಟೆಹ್ರಾನಿನ ಮರಿಯಂ ಮಿರ್ಜಾಖಾನಿ ಅಲ್ಲಿ ಪದವಿ ಮುಗಿಸಿ ಹಾರ್ವರ್ಡ್‌ಗೆ ಹೋಗಿ ಪಿಎಚ್‌.ಡಿ. ಮಾಡಿದರು. 2014ರಲ್ಲಿ ಗಣಿತದ ಅತ್ಯುಚ್ಚ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. 2017ರ ಜನವರಿ 27ರಂದು ಇರಾನ್ ಸೇರಿ ಏಳು ದೇಶಗಳ ಪ್ರಜೆಗಳಿಗೆ ಅಮೆರಿಕ ಬಾಗಿಲು ಹಾಕಿತು. ಅದೇ ವರ್ಷದ ಜುಲೈನಲ್ಲಿ ಮಿರ್ಜಾಖಾನಿ ತೀರಿಕೊಂಡರು. 2025ರ ಜೂನ್‌ನಲ್ಲಿ ಹೊರಟ ಹೊಸ ಘೋಷಣೆ ಇರಾನ್ ಸೇರಿ 12 ದೇಶಗಳಿಗೆ ಪೂರ್ಣ ನಿಷೇಧ ಹೇರಿತು. ಮಿರ್ಜಾಖಾನಿ ಇಂದು ಟೆಹ್ರಾನಿನಲ್ಲಿ ಇಪ್ಪತ್ತೆರಡರ ಹುಡುಗಿಯಾಗಿದ್ದರೆ ಹಾರ್ವರ್ಡಿನ ದಾರಿ ಅವರಿಗೆ ಮುಚ್ಚಿರುತ್ತಿತ್ತು.

ಬಡ ದೇಶಗಳ ಸಂಶೋಧಕರಿಗೆ ನಿಷೇಧದ ಆದೇಶವೂ ಬೇಕಿಲ್ಲ. ‘ನೀವು ಮರಳಿ ಹೋಗುತ್ತೀರೆಂಬ ಭರವಸೆಯಿಲ್ಲ’ ಎಂಬ ಒಂದು ಷರಾ ಸಾಕು. 2022ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆದಾಗ ಆಫ್ರಿಕದ ಎಷ್ಟೋ ಪ್ರತಿನಿಧಿಗಳಿಗೆ ವೀಸಾ ಸಿಗಲಿಲ್ಲ. ಏಡ್ಸ್‌ನ ಹೊರೆ ಹೆಚ್ಚು ಹೊತ್ತ ಖಂಡದವರನ್ನು ಹೊರಗಿಟ್ಟು ಏಡ್ಸ್ ಕುರಿತ ಚರ್ಚೆ! ಕೃತಕ ಬುದ್ಧಿಮತ್ತೆಯ ದೊಡ್ಡ ಸಮ್ಮೇಳನ 2018ರಲ್ಲಿ ಇದೇ ಊರಿನಲ್ಲಿ ನಡೆದಾಗಲೂ ಆಫ್ರಿಕದ ಸಂಶೋಧಕರಿಗೆ ಇದೇ ಅನುಭವವಾಗಿತ್ತು.

ಬಾಗಿಲು ಹಾಕಿದ ದೇಶವೂ ಬೆಲೆ ತೆರುತ್ತದೆ. ಎಚ್‌ಐವಿ ಸೋಂಕಿತರು ಒಳಬರಬಾರದೆಂಬ ನಿಯಮವನ್ನು ಅಮೆರಿಕ 1987ರಿಂದ ಪಾಲಿಸುತ್ತಿತ್ತು. ಅದನ್ನು ಪ್ರತಿಭಟಿಸಿ 1992ರ ಏಡ್ಸ್ ಸಮ್ಮೇಳನವನ್ನು ಬಾಸ್ಟನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಸಾಗಿಸಲಾಯಿತು. 2010ರಲ್ಲಿ ನಿಯಮ ರದ್ದಾದ ಮೇಲೆ, 2012ರಲ್ಲಿ, ಸಮ್ಮೇಳನ ವಾಷಿಂಗ್ಟನ್‌ಗೆ ಬಂತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1990ರಲ್ಲಿ ನಡೆದ ಮೇಲೆ 22 ವರ್ಷ ಅಮೆರಿಕಕ್ಕೆ ಆ ಸಭೆಯೇ ಇರಲಿಲ್ಲ. ವಿಜ್ಞಾನಿಗಳು ಒಗ್ಗಟ್ಟಾಗಿ ನಿಂತರೆ ಸಭೆ ಎಲ್ಲಿ ನಡೆಯಬೇಕೆಂದು ಅವರೇ ತೀರ್ಮಾನಿಸಬಹುದು ಎನ್ನುವುದಕ್ಕೆ ಇದು ಸಾಕ್ಷಿ.

ಬೇರೆ ದಾರಿ ಕಂಡವರು

ಬರೀ ಗೋಳು ತೋಡಿಕೊಳ್ಳದೆ ದಾರಿ ಹುಡುಕಿದವರೂ ಇದ್ದಾರೆ. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1951ರಲ್ಲಿ ಕೇಂಬ್ರಿಜ್‌ನಿಂದ ಲಾಹೋರಿಗೆ ಮರಳಿದಾಗ ತಮ್ಮ ವಿಷಯ ಮಾತಾಡಲು ಅಲ್ಲಿ ಒಬ್ಬರೂ ಇರಲಿಲ್ಲ. ದೇಶ ಬಿಡುವುದು, ಇಲ್ಲವೇ ವಿಜ್ಞಾನ ಬಿಡುವುದು; ಎರಡೇ ದಾರಿ. ಈ ಇಕ್ಕಟ್ಟು ಮುಂದಿನವರಿಗೆ ಬೇಡವೆಂದು ಅವರು 1964ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ವಿಶ್ವಸಂಸ್ಥೆಯ ಆಸರೆಯಲ್ಲಿ, ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಕಟ್ಟಿದರು. ಬಡ ದೇಶಗಳ ವಿಜ್ಞಾನಿಗಳು ಆಗಾಗ ಅಲ್ಲಿಗೆ ಬಂದು, ಕೆಲ ವಾರ ಇದ್ದು, ಕಲಿತು, ಊರಿಗೆ ಮರಳುವ ಏರ್ಪಾಡು ಅದು.

ಜೋರ್ಡಾನಿನ ಅಲ್ಲಾನ್ ಎಂಬಲ್ಲಿ 2017ರ ಮೇನಲ್ಲಿ ಉದ್ಘಾಟನೆಯಾದ ‘ಸೆಸಮೆ’ ಸಿಂಕ್ರೊಟ್ರಾನ್ (ಕಣವೇಗವರ್ಧಕ) ಇನ್ನೊಂದು ಉದಾಹರಣೆ. ಇಸ್ರೇಲ್, ಇರಾನ್, ಪ್ಯಾಲೆಸ್ಟೀನ್, ಪಾಕಿಸ್ತಾನ, ಟರ್ಕಿ, ಸೈಪ್ರಸ್ ಎಲ್ಲವೂ ಅದರ ಸದಸ್ಯರು. ಒಬ್ಬರ ದೇಶಕ್ಕೆ ಇನ್ನೊಬ್ಬರು ಕಾಲಿಡಲಾಗದವರು ಅಲ್ಲಿ ಒಂದೇ ಯಂತ್ರದ ಸುತ್ತ ಕೂರುತ್ತಾರೆ. ಆ ಕೇಂದ್ರದ ದಾರಿಯೂ ಸುಲಭದ್ದಲ್ಲ: ಬ್ಯಾಂಕ್ ನಿರ್ಬಂಧದಿಂದ ಇರಾನಿಗೆ ತನ್ನ ಪಾಲಿನ ವಂತಿಗೆ ಕಟ್ಟುವುದೇ ಕಷ್ಟವಾಗಿತ್ತು. ಆದರೂ ಯಂತ್ರ ಕೆಲಸ ಮಾಡುತ್ತಿದೆ.

ನಮ್ಮ ಮನೆಯ ಬಾಗಿಲು

ಇಷ್ಟೆಲ್ಲ ಓದಿದ ಮೇಲೆ ಅಮೆರಿಕವನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಬಾಗಿಲು ಹೇಗಿದೆ? ಭಾರತದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದವರನ್ನು ಕೇಳಿ ನೋಡಿ. ವಿದೇಶಾಂಗ ಇಲಾಖೆಯ ಅನುಮತಿ, ಗೃಹ ಇಲಾಖೆಯ ಅನುಮತಿ, ಬರುವವರಿಗೆ ಪ್ರತ್ಯೇಕ ಕಾನ್ಫರೆನ್ಸ್ ವೀಸಾ. ಅಫ್ಘಾನಿಸ್ತಾನದಂಥ ದೇಶಗಳವರಾದರೆ ಕಡತ ದಿಲ್ಲಿಗೆ ಹೋಗಿ ಬರಬೇಕು. ಹೊರಗೆ ಹೋಗುವ ನಮ್ಮ ಸರ್ಕಾರಿ ವಿಜ್ಞಾನಿಗೆ ಆಹ್ವಾನಿಸಿದವರು ಊಟ, ವಸತಿ ಕೊಟ್ಟರೆ ಅದಕ್ಕೂ ವಿದೇಶಿ ವಂತಿಗೆ ಕಾಯ್ದೆಯಡಿ ಮುಂಚಿತ ಅನುಮತಿ ಬೇಕು.

2021ರ ಜನವರಿಯಲ್ಲಂತೂ ಯಾರೂ ಎಲ್ಲಿಗೂ ಹೋಗದೆ ಮನೆಯಲ್ಲಿ ಕೂತಿದ್ದ ಕೋವಿಡ್ ಕಾಲದಲ್ಲಿ, ಸರ್ಕಾರಿ ಅನುದಾನದ ಸಂಸ್ಥೆಗಳು ಆನ್‌ಲೈನ್ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಲೂ ಮುಂಚಿತ ಅನುಮತಿ ಪಡೆಯಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ ಸುತ್ತೋಲೆ ಹೊರಡಿಸಿತು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಇದು ವಿಜ್ಞಾನಕ್ಕೆ ಮಾರಕವೆಂದು ಸಚಿವರಿಗೆ ಪತ್ರ ಬರೆಯಿತು. ಬೇರೆಯವರೂ ದನಿಗೂಡಿಸಿದರು. ಫೆಬ್ರುವರಿ ಮುಗಿಯುವ ಹೊತ್ತಿಗೆ ಸುತ್ತೋಲೆ ಹಿಂದಕ್ಕೆ ಹೋಯಿತು. ಕೇಳಿದರೆ ಸಿಗುತ್ತದೆ ಎನ್ನುವ ಪಾಠ ಇದರಲ್ಲಿದೆ.

ಹಾಗಾದರೆ ಕೇಳಬೇಕಾದದ್ದೇನು? ಗಡಿಗಳನ್ನೇ ಕಿತ್ತುಹಾಕಿ ಎಂದು ಯಾರೂ ಕೇಳುತ್ತಿಲ್ಲ. ವಿಜ್ಞಾನದ ಸಭೆಗೆ, ಸಂಶೋಧನೆಗೆ ಬರುವವರ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಎಂಬ ಗಡುವಿರಲಿ. ಇಲ್ಲವೆನ್ನುವುದಾದರೆ ಕಾರಣ ಹೇಳಲಿ. ಹೊರಗೆ ಹೋಗುವ ವಿಜ್ಞಾನಿಗೆ ಅನುಮತಿ ಕೊಡುವ ಅಧಿಕಾರ ಅವರ ಸಂಸ್ಥೆಯ ನಿರ್ದೇಶಕರಿಗೇ ಇರಲಿ. ಅಮೆರಿಕ ಮುಖ ತಿರುಗಿಸುತ್ತಿರುವ ಈ ಹೊತ್ತಿನಲ್ಲಿ ಆಫ್ರಿಕದ, ಪಶ್ಚಿಮ ಏಷ್ಯಾದ ಪ್ರತಿಭೆಗಳು ಬೇರೆ ಊರು ಹುಡುಕುತ್ತಿವೆ. ಡಿರಾಕ್ ಮುಂಬೈಗೆ ಬಂದಂತೆ ಅವರು ಬೆಂಗಳೂರಿಗೆ ಬರಬಹುದು; ಬರಲು ಬಿಟ್ಟರೆ. ಚೆನ್ನೈನ ಕಾನ್ಸುಲೇಟಿನಿಂದ ನಮ್ಮ ಮಕ್ಕಳಿಗೆ ಯಾವ ನ್ಯಾಯ ಬೇಕೆಂದು ಕೇಳುತ್ತೇವೋ ಅದೇ ನ್ಯಾಯವನ್ನು ಢಾಕಾದ, ಟೆಹ್ರಾನಿನ, ಲಾಹೋರಿನ ಸಂಶೋಧಕರಿಗೆ ನಾವು ಮೊದಲು ಕೊಡಬೇಕು. ಆಗಷ್ಟೇ ನಮ್ಮ ದೂರಿಗೆ ತೂಕ ಬರುತ್ತದೆ.